ಏಡಿ ನಡಿಗೆಯ ಪಿಕಪ್

ಸ್ಟೀರಿಂಗನ್ನು ಎಡಕ್ಕೆ ಸೊಟ್ಟ ಹಿಡಿದರೆ ಮಾತ್ರ ನನ್ನ ಪಿಕಪ್ ನೆಟ್ಟಗೆ ಹೋಗುತ್ತಿತ್ತು. ಮಳೆಗಾಲಕ್ಕೆ ಸ್ವಲ್ಪ ಮುಂಚೆ ಶುರುವಾದ ಕಾಯಿಲೆ ಇದು. ಎರಡು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಎರಡೂ ಸಲ ಹದಿನೈದು ದಿನ ಸರಿ ಇತ್ತು, ಆಮೇಲೆ ಮತ್ತೆ ಅದೇ ಹಾಡು. ಮೊದಲೆಲ್ಲ ನಾನು ನಮ್ಮ ಶಿರಸಿ ಮಾರಿಕಾಂಬೆ ಜಾತ್ರೆಯ ಹಾಗೆ ಎರಡು ವರ್ಷಕ್ಕೊಮ್ಮೆ ಅಲೈನ್‌ಮೆಂಟ್ ಮಾಡಿಸುತ್ತಿದ್ದವನು. ಎರಡೇ ತಿಂಗಳಲ್ಲಿ ಎರಡು ಸಲ ದುಡ್ಡು ಕೊಟ್ಟ ಮೇಲೆ ಹೊಟ್ಟೆ ಉರಿಯಿತು. ಅಡಿಕೆ ಕೊನೆ ಕೊಯ್ಲು ಶುರುವಾಗುವುದರೊಳಗೆ ನಾನೇ ಕೂತು ನೋಡಿಬಿಡುತ್ತೇನೆ ಅಂತ ಅಡಿಕೆ ಒಣಗಿಸುವ ಅಂಗಳಕ್ಕೆ ಗಾಡಿ ತಂದು ನಿಲ್ಲಿಸಿದೆ.

ಗಾಡಿ ಹಳೆಯದು. ಕಂಪನಿ ಹೆಸರು ಬೇಡ, ಆ ಕಾಲದ ಸುಮಾರು ಪಿಕಪ್‌ಗಳ ಹೊಟ್ಟೆಯೊಳಗೆ ಇದೇ ಸಾಮಾನು ಇರುತ್ತದೆ. ಮುಂದಿನ ಒಂದೊಂದು ಚಕ್ರಕ್ಕೂ ಮೇಲೊಂದು, ಕೆಳಗೊಂದು ಆರ್ಮ್. ಸ್ಪ್ರಿಂಗ್ ಬದಲಿಗೆ, ತಿರುಚಿಕೊಂಡು ಅದೇ ಕೆಲಸ ಮಾಡುವ ಉದ್ದದ ಟಾರ್ಷನ್ ಬಾರ್. ಹಿಂದೆ ಗಟ್ಟಿ ಆಕ್ಸಲ್, ಅದರ ಮೇಲೆ ಲೀಫ್ ಸ್ಪ್ರಿಂಗ್. ನಮ್ಮ ಕಡೆ ಅದಕ್ಕೆ ಪ್ಲೇಟ್ ಅಂತಲೇ ಅನ್ನುವುದು. ಸ್ಟೀರಿಂಗ್ ಬಾಕ್ಸಿನಿಂದ ಪಿಟ್‌ಮನ್ ಆರ್ಮ್, ಎದುರು ಬದಿಗೆ ಐಡ್ಲರ್ ಆರ್ಮ್, ಎರಡರ ನಡುವೆ ಒಂದು ಉದ್ದ ರಾಡ್, ಅದರಿಂದ ಎರಡೂ ಚಕ್ರಕ್ಕೆ ಒಂದೊಂದು ಟೈ ರಾಡ್. ಅಂದರೆ ಕೈಯಲ್ಲಿರುವ ಸ್ಟೀರಿಂಗಿಗೂ ನೆಲದಲ್ಲಿರುವ ಟೈರಿಗೂ ನಡುವೆ ಏಳೆಂಟು ಕೀಲು. ಒಂದೊಂದು ಕೀಲು ಕೂದಲೆಳೆಯಷ್ಟು ಸವೆದರೂ ಸಾಕು, ಎಲ್ಲ ಸೇರಿ ಸ್ಟೀರಿಂಗ್ ಹತ್ತಿರ ಬರುವಾಗ ನಾಲ್ಕು ಬೆರಳು ಆಟ.

ಮೊದಲು ನನ್ನದೇ ಒಂದು ಎಡವಟ್ಟು ಒಪ್ಪಿಕೊಳ್ಳಬೇಕು.

ಸ್ಟೀರಿಂಗಿನಲ್ಲಿ ಆಟ ಜಾಸ್ತಿ ಆಗಿದೆ ಅಂತ ಜೂನ್ ತಿಂಗಳಲ್ಲೇ ಗೊತ್ತಾಗಿತ್ತು. ಅಂಚಿನಲ್ಲಿ ಅಳೆದರೆ 60 ಮಿ.ಮೀ. ತನಕ ಸುಮ್ನೆ ತಿರುಗುತ್ತಿತ್ತು, ಚಕ್ರ ಅಲ್ಲಾಡುತ್ತಿರಲಿಲ್ಲ. ಸ್ಟೀರಿಂಗ್ ಬಾಕ್ಸಿನ ಮೇಲೆ ಒಂದು ಸ್ಕ್ರೂ, ಅದಕ್ಕೊಂದು ಲಾಕ್ ನಟ್ ಇರುತ್ತದೆ. ಅದನ್ನು ತಿರುಗಿಸಿದರೆ ಆಟ ಕಮ್ಮಿಯಾಗುತ್ತದೆ ಅಂತ ಯಾರೋ ಹೇಳಿದ್ದು ನೆನಪಿತ್ತು. ತಿರುಗಿಸಿದೆ. ಆಟ ಕಮ್ಮಿಯೂ ಆಯಿತು. ಖುಷಿಯಾಗಿ ಇನ್ನೊಂದು ಅರ್ಧ ಸುತ್ತು ಬಿಗಿದೆ. ಮರುದಿನ ಗೊಬ್ಬರ ತರಲು ಕುಮಟಾಕ್ಕೆ ಹೊರಟೆ. ದೇವಿಮನೆ ಘಟ್ಟದ ಮೊದಲ ತಿರುವಿನಲ್ಲೇ ಜೀವ ಬಾಯಿಗೆ ಬಂತು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರಬೇಕಲ್ಲ, ಬರಲಿಲ್ಲ. ಕೈಯಿಂದ ಎಳೆದು ನೆಟ್ಟಗೆ ಮಾಡಬೇಕಾಯಿತು. ಘಟ್ಟ ಇಳಿಯುವ ತನಕ ಪ್ರತಿ ತಿರುವಿಗೂ ಇದೇ ಕಸರತ್ತು.

ಆ ಬಾಕ್ಸಿನೊಳಗಿನ ಹಲ್ಲುಗಳು ನಡು ಜಾಗದಲ್ಲಿ ಬಿಗಿಯಾಗಿ, ಪಕ್ಕಕ್ಕೆ ಹೋದಂತೆ ಸಡಿಲವಾಗಿ ಕೂರುವ ಹಾಗೆ ಮಾಡಿರುತ್ತಾರೆ. ಸ್ಕ್ರೂ ಜಾಸ್ತಿ ಬಿಗಿದರೆ ನಡು ಜಾಗದಲ್ಲಿ ಕಚ್ಚಿಕೊಳ್ಳುತ್ತದೆ. ಬೇರೆ ಕೀಲುಗಳ ಸವೆತವನ್ನು ಬಾಕ್ಸಿನಲ್ಲಿ ಮುಚ್ಚಿಡಲು ಹೋದರೆ ಹೀಗೇ ಆಗುವುದು. ಮನೆಗೆ ಬಂದ ಕೂಡಲೇ ಸ್ಕ್ರೂವನ್ನು ಮೊದಲಿದ್ದ ಜಾಗಕ್ಕೆ ತಂದೆ. ಪುಣ್ಯಕ್ಕೆ ತಿರುಗಿಸುವ ಮೊದಲು ಬಿಳಿ ಪೇಂಟಿನಿಂದ ಒಂದು ಗೆರೆ ಎಳೆದಿಟ್ಟಿದ್ದೆ. ಇಡೀ ಕೆಲಸದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅದು ಅಂತ ಮಗ ಇವತ್ತಿಗೂ ಆಡಿಕೊಳ್ಳುತ್ತಾನೆ.

ಎಳೆತವೋ, ಸೊಟ್ಟವೋ

ಗ್ಯಾರೇಜಿಗೆ ಹೋಗಿ "ಗಾಡಿ ಎಳೀತದೆ" ಅಂದರೆ ಅರ್ಧ ದಾರಿ ಅಲ್ಲೇ ತಪ್ಪುತ್ತದೆ. ಎರಡು ಬೇರೆ ಬೇರೆ ಕಾಯಿಲೆಗೆ ನಾವು ಅದೇ ಮಾತು ಹೇಳುತ್ತೇವೆ. ಒಂದು, ಕೈ ಸಡಿಲ ಬಿಟ್ಟರೆ ಗಾಡಿ ತಾನಾಗಿ ಒಂದು ಬದಿಗೆ ಹೋಗುವುದು. ಅದು ನಿಜವಾದ ಎಳೆತ. ಇನ್ನೊಂದು, ಕೈ ಬಿಟ್ಟರೂ ಗಾಡಿ ನೆಟ್ಟಗೇ ಹೋಗುತ್ತದೆ, ಆದರೆ ಸ್ಟೀರಿಂಗಿನ ನಡುವಿನ ಅಡ್ಡ ಕಡ್ಡಿ ಸೊಟ್ಟ ನಿಂತಿರುತ್ತದೆ. ಮೊದಲನೆಯದಕ್ಕೆ ಟೈರು, ಗಾಳಿ, ಬ್ರೇಕು, ಕ್ಯಾಂಬರ್, ಕ್ಯಾಸ್ಟರ್ ನೋಡಬೇಕು. ಕ್ಯಾಂಬರ್ ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು, ಕ್ಯಾಸ್ಟರ್ ಅಂದರೆ ಪಕ್ಕದಿಂದ ನೋಡಿದಾಗ ಸ್ಟೀರಿಂಗಿಗೆ ಚಕ್ರ ತಿರುಗುವ ಅಚ್ಚು ಹಿಂದಕ್ಕೋ ಮುಂದಕ್ಕೋ ವಾಲಿರುವುದು. ಎರಡನೆಯದಕ್ಕೆ ಟೈ ರಾಡುಗಳ ಉದ್ದ, ಸಡಿಲ ಕೀಲು, ಇಲ್ಲವೇ ಹಿಂದಿನ ಆಕ್ಸಲ್. ಹಿಂದಿನ ಆಕ್ಸಲ್ ಅನ್ನುವುದನ್ನು ನಾನು ಆಗ ಕಡೆಗಣಿಸಿದೆ. ಸ್ಟೀರಿಂಗ್ ಇರುವುದು ಮುಂದೆ ಅಲ್ವಾ, ಹಿಂದೆ ಏನು ನೋಡುವುದು ಅಂತ.

ಕುಮಟಾದಿಂದ ಅಂಕೋಲಾ ಕಡೆಗೆ ಹೆದ್ದಾರಿ ಸುಮಾರು ನೆಟ್ಟಗಿದೆ. ಬೆಳಿಗ್ಗೆ ಬೇಗ ಹೋಗಿ, ಹಿಂದೆ ಮುಂದೆ ಯಾರೂ ಇಲ್ಲದ ಕಡೆ 50ರ ವೇಗದಲ್ಲಿ ಕೈ ಸಡಿಲ ಮಾಡಿ ನೋಡಿದೆ. ಬೆರಳು ಸ್ಟೀರಿಂಗಿನಿಂದ ಒಂದಂಗುಲ ದೂರ, ಅಷ್ಟೇ. ನಾವು ರಸ್ತೆಯ ಎಡಕ್ಕೆ ಹೋಗುವವರು, ನೀರು ಹರಿಯಲಿ ಅಂತ ರಸ್ತೆಯ ಇಳಿಜಾರು ಎಡಕ್ಕೇ ಇರುತ್ತದೆ. ಹಾಗಾಗಿ ಸರಿ ಇರುವ ಗಾಡಿಯೂ ನಿಧಾನಕ್ಕೆ ಎಡಕ್ಕೆ ವಾಲುತ್ತದೆ, ಅದು ಕಾಯಿಲೆಯಲ್ಲ. ನನ್ನದು ಎಡಕ್ಕೆ ಜೋರಾಗಿಯೇ ಹೋಯಿತು. ಅದರ ಜೊತೆಗೆ ಕಡ್ಡಿಯೂ ಸೊಟ್ಟ. ಬ್ರೇಕ್ ಹಿಡಿದು ನೋಡಿದೆ, ಎಳೆತ ಹೆಚ್ಚಾಗಲಿಲ್ಲ. ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದೆ, ಯಾವುದೂ ಹೆಚ್ಚು ಬಿಸಿಯಿರಲಿಲ್ಲ. ಬ್ರೇಕ್ ಹಿಡಿದುಕೊಂಡಿಲ್ಲ ಅಂತಾಯಿತು.

ಅಂದರೆ ನನ್ನ ಗಾಡಿಗೆ ಎರಡೂ ಕಾಯಿಲೆ ಒಟ್ಟಿಗೇ ಇತ್ತು. ಅದಕ್ಕೇ ಇಷ್ಟು ತಲೆ ತಿಂದಿದ್ದು.

ಎಳೆತದ ಗುಟ್ಟು ಐದೇ ನಿಮಿಷದಲ್ಲಿ ಸಿಕ್ಕಿತು, ಹೇಳಲು ನಾಚಿಕೆ. ಮುಂದಿನ ಬಲ ಟೈರಿನಲ್ಲಿ ಗಾಳಿ 40, ಎಡದ್ದರಲ್ಲಿ 28. ವಾಲ್ವಿನ ಬಾಯಿಗೆ ಉಗುಳು ಹಚ್ಚಿದರೆ ಸಣ್ಣಗೆ ಗುಳ್ಳೆ. ಹೊಸ ವಾಲ್ವ್ ಹಾಕಿಸಿ ಎರಡೂ ಕಡೆ ಸಮ ಮಾಡಿದ ಮೇಲೆ ಎಳೆತ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲಿಗೆ ಮುಂದಿನ ಎರಡು ಟೈರನ್ನು ಅದಲು ಬದಲು ಮಾಡಿ ನೋಡಿದೆ. ಎಳೆತ ಬದಿ ಬದಲಿಸಿದರೆ ತಪ್ಪು ಟೈರಿನದ್ದು, ಬದಲಿಸದಿದ್ದರೆ ಗಾಡಿಯದ್ದು. ನನ್ನದು ಬದಲಿಸಲಿಲ್ಲ. ಆದರೆ ಅಷ್ಟಕ್ಕೆ ರಸ್ತೆಯ ಇಳಿಜಾರೇ ಕಾರಣ ಅಂತ ಆಮೇಲೆ ರಸ್ತೆಯ ಇನ್ನೊಂದು ಬದಿಯಲ್ಲಿ ಓಡಿಸಿ ನೋಡಿದಾಗ ಗೊತ್ತಾಯಿತು. ಖಾಲಿ ಮಣ್ಣಿನ ಮೈದಾನ ಸಿಕ್ಕಿದ್ದರೆ ಇಷ್ಟೂ ಬೇಡವಾಗಿತ್ತು.

ಇನ್ನು ಉಳಿದಿದ್ದು ಸೊಟ್ಟ.

ಟೈರು ಬಿಚ್ಚಿದ್ದಾಗ ಅಂಗೈಯನ್ನು ಅದರ ಮೈಮೇಲೆ ಅಡ್ಡಕ್ಕೆ ಆಡಿಸಿದೆ. ಒಂದು ಕಡೆಯಿಂದ ಸವರಿದರೆ ನುಣುಪು, ವಾಪಸ್ ಸವರಿದರೆ ಗರಗಸ. ಇದು ಟೋ, ಅಂದರೆ ಎರಡು ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಲೆಕ್ಕ, ತಪ್ಪಿದ ಗುರುತು. ಒಂದೇ ಅಂಚು ಬೋಳಾಗಿದ್ದರೆ ಮೊದಲು ಕ್ಯಾಂಬರ್ ಮೇಲೆ ಅನುಮಾನ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಮ್ಮಿ ಓಡಿಸಿದ್ದೀರಿ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಅಲ್ಲಲ್ಲಿ ಬಟ್ಟಲಿನ ಹಾಗೆ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ, ಇಲ್ಲವೇ ಬ್ಯಾಲೆನ್ಸಿಂಗ್ ಇಲ್ಲ. ಟೈರು ಅನ್ನುವುದು ಗಾಡಿಯ ಜಾತಕ. ಆದರೆ ಅದನ್ನು ಓದುವ ಮೊದಲೇ ನಾವು ಬಿಸಾಡಿ ಹೊಸದು ಹಾಕಿಸಿಬಿಡುತ್ತೇವೆ.

ಕೀಲು ಹುಡುಕುವ ಕೆಲಸ

ಇದಕ್ಕೆ ಇಬ್ಬರು ಬೇಕು. ಮಗನನ್ನು ಸ್ಟೀರಿಂಗ್ ಮುಂದೆ ಕೂರಿಸಿದೆ. ಗಾಡಿ ನೆಲದ ಮೇಲೇ ಇರಬೇಕು, ಜ್ಯಾಕ್ ಹಾಕಬಾರದು. ಭಾರ ಟೈರಿನ ಮೇಲಿದ್ದಾಗಲೇ ಸಡಿಲ ಕಾಣುವುದು. ಪವರ್ ಸ್ಟೀರಿಂಗ್ ಇರುವುದರಿಂದ ಇಂಜಿನ್ ಚಾಲೂ, ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ ಹಿಂದಿನ ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಟ್ಟೆ. ಅವನು ಸ್ಟೀರಿಂಗನ್ನು ಗಡಿಯಾರದ ಹನ್ನೊಂದು ಗಂಟೆಯಿಂದ ಒಂದು ಗಂಟೆಯ ತನಕ ಮಾತ್ರ ಆಚೆ ಈಚೆ ಆಡಿಸಬೇಕು. ನಾನು ಟಾರ್ಚು ಹಿಡಿದು ಕೆಳಗೆ ಮಲಗಿದೆ. ಒಂದೊಂದೇ ಕೀಲಿನ ಹೊರಗೆ ಬೆರಳಿಟ್ಟು ನೋಡುತ್ತಾ ಹೋದೆ. ಎರಡು ತುಂಡು ಒಟ್ಟಿಗೇ ಅಲ್ಲಾಡಿದರೆ ಕೀಲು ಗಟ್ಟಿ. ಒಂದು ಮೊದಲು ಹೋಗಿ ಇನ್ನೊಂದು ಆಮೇಲೆ ಬಂದರೆ ಅದೇ ಕಳ್ಳ. ಬೆರಳು ಮಾತ್ರ ಎರಡು ತುಂಡಿನ ನಡುವೆ ಹೋಗಬಾರದು. ಪವರ್ ಸ್ಟೀರಿಂಗಿಗೆ ಬೆರಳೂ ಒಂದೇ, ಬೆಂಡೆಕಾಯಿಯೂ ಒಂದೇ.

ಪಿಟ್‌ಮನ್ ಗಟ್ಟಿ. ನಡುವಿನ ರಾಡಿನ ತುದಿಗಳೂ ಪರವಾಗಿಲ್ಲ. ಐಡ್ಲರ್ ಆರ್ಮ್ ಮಾತ್ರ ತಿರುಗುವುದು ಬಿಟ್ಟು ಮೇಲೆ ಕೆಳಗೆ ಕುಣಿಯುತ್ತಿತ್ತು. ಅದರ ಬುಶ್ ಪುಡಿಯಾಗಿತ್ತು. ಎಡ ಟೈ ರಾಡಿನ ಹೊರತುದಿಯ ರಬ್ಬರ್ ಟೊಪ್ಪಿ ಹರಿದು, ಒಳಗೆ ಗ್ರೀಸಿನ ಬದಲು ಕೆಂಪು ಕೆಸರು. ನಮ್ಮ ಮಳೆಗೆ ಒಂದು ಸಲ ಟೊಪ್ಪಿ ಹರಿದರೆ ಆ ಕೀಲಿಗೆ ಒಂದು ಮಳೆಗಾಲದ ಆಯುಷ್ಯ. ಕರಾವಳಿಯಲ್ಲಿ ಓಡುವ ಗಾಡಿಗಾದರೆ ಉಪ್ಪುಗಾಳಿಯೂ ಸೇರಿ ಇನ್ನೂ ಬೇಗ.

ಆಮೇಲೆ ಜ್ಯಾಕ್. ನನ್ನ ಗಾಡಿಯಲ್ಲಿ ಟಾರ್ಷನ್ ಬಾರ್ ಕೆಳಗಿನ ಆರ್ಮನ್ನು ಹಿಡಿದಿದೆ, ಹಾಗಾಗಿ ಜ್ಯಾಕನ್ನು ಆ ಆರ್ಮಿನ ಕೆಳಗೇ ಕೊಡಬೇಕು. ಚಾಸಿಸ್ಸಿಗೆ ಕೊಟ್ಟರೆ ಆರ್ಮಿಗೂ ಚಕ್ರಕ್ಕೂ ನಡುವಿನ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್, ಬಿಗಿದುಕೊಂಡೇ ಇರುತ್ತದೆ, ಸವೆದಿದ್ದರೂ ಒಳ್ಳೆಯವನ ಹಾಗೆ ನಟಿಸುತ್ತದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಟಕ್ ಟಕ್ ಅಂತು. ಬಾಲ್ ಜಾಯಿಂಟೋ ಬೇರಿಂಗೋ? ಮಗನಿಗೆ ಬ್ರೇಕ್ ಒತ್ತು ಅಂದೆ. ಟಕ್ ಟಕ್ ನಿಂತಿತು. ಬ್ರೇಕ್ ಒತ್ತಿದರೆ ಚಕ್ರ ಕೂತಿರುವ ಹಬ್ಬು ಮತ್ತು ಅದರ ಹಿಂದಿನ ತುಂಡು ಒಂದಾಗುತ್ತವೆ, ಆಗ ಆಟ ಹೋದರೆ ತಪ್ಪು ಬೇರಿಂಗಿನದ್ದು. ಬ್ರೇಕ್ ಒತ್ತಿಯೂ ಅಲ್ಲಾಡಿದ್ದರೆ ಬಾಲ್ ಜಾಯಿಂಟ್ ತರಬೇಕಿತ್ತು. ಬೇರಿಂಗ್ ಬಿಚ್ಚಿ ತೊಳೆದೆ, ಹಳಿ ಮತ್ತು ರೋಲರ್ ಚೆನ್ನಾಗಿದ್ದವು. ಹೊಸ ಗ್ರೀಸ್ ತುಂಬಿ, ಚಕ್ರ ತಿರುಗಿಸುತ್ತಲೇ ನಟ್ ಬಿಗಿದು, ಸಡಿಲ ಬಿಟ್ಟು, ಆಟ ಹೋಗುವಷ್ಟಕ್ಕೆ ಮಾತ್ರ ಮತ್ತೆ ಕೂರಿಸಿದೆ.

ಬಿಡಿಭಾಗ ಶಿರಸಿಯಲ್ಲೇ ಸಿಕ್ಕಿತು. ಐಡ್ಲರ್ ಆರ್ಮ್ ಪೂರ್ತಿ, ಟೈ ರಾಡ್ ಎಂಡ್ ಎರಡೂ ಬದಿಗೆ. ಒಂದೇ ಸವೆದಿದ್ದರೂ ಜೋಡಿ ಬದಲಿಸುವುದು ನನ್ನ ಪದ್ಧತಿ. ಇನ್ನೊಂದು ಸಲ ಕೆಸರಲ್ಲಿ ಮಲಗುವುದು ತಪ್ಪುತ್ತದೆ.

ಹಳೆಯ ಎಂಡ್ ಬಿಚ್ಚುವಾಗ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ನಟ್ ತೆಗೆದು ಥ್ರೆಡ್ಡಿನ ತಲೆಗೆ ಸುತ್ತಿಗೆಯಿಂದ ಬಾರಿಸುತ್ತಾರೆ. ಅದು ಶಂಕುವಿನ ಹಾಗೆ ಕೂತಿರುವ ಪಿನ್ನು, ತಲೆಗೆ ಹೊಡೆದರೆ ಅಣಬೆಯ ಹಾಗೆ ಅರಳುತ್ತದೆ, ಬರುವುದಿಲ್ಲ. ನಟ್ಟನ್ನು ಎರಡು ಸುತ್ತು ಉಳಿಸಿ, ಪಿನ್ನು ಕೂತಿರುವ ಕಣ್ಣಿನ ಪಕ್ಕಕ್ಕೆ ಹೊಡೆಯಬೇಕು. ಒಂದು ಬದಿಗೆ ದೊಡ್ಡ ಸುತ್ತಿಗೆ ಒತ್ತಿ ಹಿಡಿದು, ಎದುರು ಬದಿಯಿಂದ ಇನ್ನೊಂದು ಸುತ್ತಿಗೆಯಲ್ಲಿ ಎರಡು ಏಟು. ಕಣ್ಣು ಕ್ಷಣಕಾಲ ಹಿಗ್ಗಿದ ಹಾಗಾಗಿ ಪಿನ್ನು ಟಪ್ ಅಂತ ಬಿಡುತ್ತದೆ. ಬಲದ್ದು ಮೂರನೇ ಏಟಿಗೆ ಬಂತು. ಎಡದ್ದಕ್ಕೆ ತುಕ್ಕು. ಡೀಸೆಲ್ ಸುರಿದು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಆಸರಿ ಕುಡಿದು ಬಂದು ಹೊಡೆದಾಗ ಬಿಟ್ಟಿತು.

ಬಿಚ್ಚುವ ಮೊದಲು ಹಳೆಯ ಎಂಡ್ ಎಷ್ಟು ಸುತ್ತು ಒಳಗಿದೆ ಅಂತ ಎಣಿಸಿಟ್ಟೆ. ಹೊಸದನ್ನೂ ಅಷ್ಟೇ ಸುತ್ತು ಹಾಕಿದರೆ ಗಾಡಿಯನ್ನು ಅಲೈನ್‌ಮೆಂಟಿನವರ ತನಕ ಓಡಿಸಿಕೊಂಡು ಹೋಗಬಹುದು. ಟೈ ರಾಡಿನ ಒಂದು ತುದಿಗೆ ಉಲ್ಟಾ ಥ್ರೆಡ್ ಇರುತ್ತದೆ, ಮರೆತರೆ ಬಿಚ್ಚುತ್ತಿದ್ದೇನೆ ಅಂತ ಬಿಗಿಯುತ್ತಾ ಕೂರುತ್ತೀರಿ. ಮತ್ತೆ, ನಟ್ಟಿನ ತೂತಿಗೂ ಪಿನ್ನಿನ ತೂತಿಗೂ ಸರಿ ಬರದಿದ್ದರೆ ಮುಂದಕ್ಕೆ ಬಿಗಿದೇ ಸರಿ ಮಾಡಬೇಕು, ಹಿಂದಕ್ಕೆ ಸಡಿಲಿಸಬಾರದು. ನಟ್ ಬಿಚ್ಚಿಕೊಳ್ಳದ ಹಾಗೆ ಆ ತೂತಿನಲ್ಲಿ ಹಾಕುವ ಸ್ಪ್ಲಿಟ್ ಪಿನ್ ಹೊಸದೇ ಹಾಕಿ. ಅದು ಕಡ್ಡಿಪೆಟ್ಟಿಗೆಗಿಂತ ಅಗ್ಗ, ಹಳೆಯದನ್ನೇ ನೆಟ್ಟಗೆ ಮಾಡಿ ಹಾಕುವ ಜಿಪುಣತನ ಘಟ್ಟದ ರಸ್ತೆಯಲ್ಲಿ ಬೇಡ.

ಅಂಗಳದಲ್ಲೇ ಟೋ ನೋಡಿದೆ. ಚಕ್ರವನ್ನು ಎತ್ತಿ ತಿರುಗಿಸುತ್ತಾ, ಕಲ್ಲಿಗೆ ಒತ್ತಿ ಹಿಡಿದ ಮೊಳೆಯಿಂದ ಟೈರಿನ ಮೈಮೇಲೆ ಸುತ್ತಲೂ ಒಂದು ಗೆರೆ. ಎರಡೂ ಟೈರಿಗೂ. ಇಳಿಸಿದ ಮೇಲೆ ಗಾಡಿಯನ್ನು ನಾಲ್ಕಡಿ ಹಿಂದೆ ಮುಂದೆ ತಳ್ಳಿ ಕೂರಿಸಬೇಕು. ಆಮೇಲೆ ಎರಡು ಗೆರೆಗಳ ನಡುವಿನ ದೂರವನ್ನು ಆಕ್ಸಲಿನ ಎತ್ತರದಲ್ಲಿ ಟೈರಿನ ಮುಂದುಗಡೆ ಒಂದು ಸಲ, ಹಿಂದುಗಡೆ ಒಂದು ಸಲ ಅಳೆಯುವುದು. ನನ್ನದು ಮುಂದೆ 7 ಮಿ.ಮೀ. ಜಾಸ್ತಿ ಇತ್ತು. ಅಂದರೆ ಟೋ-ಔಟ್. ಹಿಂದಿನ ಚಕ್ರ ತಳ್ಳುವ ಪಿಕಪ್‌ಗೆ ಸಾಮಾನ್ಯವಾಗಿ ಒಂದೆರಡು ಮಿಲಿಮೀಟರ್ ಟೋ-ಇನ್ ಇರಬೇಕು, ಸರಿಯಾದ ಅಂಕಿ ಆಯಾ ಗಾಡಿಯ ಪುಸ್ತಕದಲ್ಲಿರುತ್ತದೆ. ಟೈರಿನ ಎತ್ತರ ಸುಮಾರು 680 ಮಿ.ಮೀ. ಲೆಕ್ಕ ಹಾಕಿದರೆ ಒಂದೊಂದು ಚಕ್ರವೂ ಪ್ರತಿ ಕಿಲೋಮೀಟರಿಗೆ 5 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗಿದೆ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್, ಅಂದರೆ 300 ಮೀಟರ್ ಟೈರನ್ನು ರಸ್ತೆಗೆ ತೇಯ್ದ ಹಾಗೆ. ಗಂಧ ತೇಯ್ದಿದ್ದರೆ ದೇವರಾದರೂ ಮೆಚ್ಚುತ್ತಿದ್ದ.

ಟೈ ರಾಡ್ ತಿರುಗಿಸಿ 2 ಮಿ.ಮೀ. ಟೋ-ಇನ್‌ಗೆ ತಂದೆ. ಸ್ಟೀರಿಂಗ್ ಕಡ್ಡಿ ನೆಟ್ಟಗೆ ಇಟ್ಟು, ಎರಡೂ ಟೈ ರಾಡ್ ಸಮ ಉದ್ದಕ್ಕೆ ಮಾಡಿದೆ. ಸ್ಟೀರಿಂಗ್ ಆಟ 60ರಿಂದ 20 ಮಿ.ಮೀ.ಗೆ ಇಳಿದಿತ್ತು. ಬಾಕ್ಸಿನ ಸ್ಕ್ರೂ ಮುಟ್ಟದೆಯೇ. ಮೀಸೆ ತಿರುವಿಕೊಂಡು ಗಾಡಿ ಹೊರಗೆ ತೆಗೆದೆ.

ಸೊಟ್ಟ ಹಾಗೇ ಇತ್ತು. ಮೊದಲಿಗಿಂತ ಜಾಸ್ತಿಯೇ ಆಗಿತ್ತು.

ಮೀನಿನವನ ಮಾತು

ಬೇಜಾರಿನಲ್ಲೇ ಎರಡು ದಿನ ಓಡಿಸಿದೆ. ಮೂರನೇ ದಿನ ಘಟ್ಟ ಹತ್ತಿ ಬರುವಾಗ ಒಂದು ಚಹದಂಗಡಿ ಎದುರು ನಿಲ್ಲಿಸಿದ್ದೆ. ಹಿಂದಿನಿಂದ ಬೈಕಿನಲ್ಲಿ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಬರುವವ ಬಂದು ನಿಂತ. ದಿನಾ ಕುಮಟಾದಿಂದ ನಮ್ಮ ಊರಿನ ತನಕ ಬರುತ್ತಾನೆ. ಎಲ್ಲರ ಮನೆ ಎದುರೂ ಹಾರ್ನ್ ಹೊಡೆದು, ನಮ್ಮ ಮನೆ ಎದುರು ಮಾತ್ರ ಹೊಡೆಯದೆ ದಾಟುವಷ್ಟು ಮರ್ಯಾದಸ್ಥ.

"ಭಟ್ರೇ, ಬೇಜಾರು ಮಾಡ್ಕಬೇಡಿ. ನಿಮ್ಮ ಗಾಡಿ ಏಡಿ ಹೋದ ಹಾಗೆ ಹೋಗ್ತದೆ."

"ಹಾಗಂದ್ರೆ?"

"ಹಿಂದಿಂದ ನೋಡ್ಕಂಡೇ ಬಂದೆ. ಮೂತಿ ಒಂದು ಬದಿಗೆ, ಹಿಂಭಾಗ ಒಂದು ಬದಿಗೆ. ನಿಮಗೆ ಏಡಿ ಗೊತ್ತಿಲ್ಲ ಬಿಡಿ."

ಗೊತ್ತಿಲ್ಲದೆ ಏನು, ತೋಟದ ಹಳ್ಳದಲ್ಲಿ ಬೇಕಾದಷ್ಟು ಏಡಿ ನೋಡಿದ್ದೇನೆ. ಆದರೆ ಡ್ರೈವರ್ ಸೀಟಿನಲ್ಲಿ ಕೂತವನಿಗೆ ತನ್ನ ಬೆನ್ನು ಕಾಣುವುದಿಲ್ಲ. ಎರಡು ಸಲ ಅಲೈನ್‌ಮೆಂಟ್ ಮಾಡಿದ ಕಡೆಯಲ್ಲೂ ಮಿಷಿನ್ನಿನ ಕಣ್ಣು ಇದ್ದದ್ದು ಮುಂದಿನ ಎರಡು ಚಕ್ರಕ್ಕೆ ಮಾತ್ರ. ಅವರು ಕಡ್ಡಿ ನೆಟ್ಟಗಾಗುವ ಹಾಗೆ ಒಂದು ಟೈ ರಾಡ್ ಉದ್ದ, ಒಂದು ಗಿಡ್ಡ ಮಾಡಿ ಕಳಿಸಿದ್ದರು. ನಾನು ಅದನ್ನು ಮತ್ತೆ ಸಮ ಮಾಡಿದೆ, ಮುಚ್ಚಿಟ್ಟಿದ್ದ ಸೊಟ್ಟ ಎದ್ದು ಕೂತಿತು.

ಮನೆಗೆ ಬಂದವನೇ ಅಂಗಳದ ಸಿಮೆಂಟಿನ ಮೇಲೆ ಒಂದು ಕಡೆ ನಾಲ್ಕು ಕೊಡ ನೀರು ಸುರಿದೆ. ನೀರಿನ ಮೇಲೆ ಹಾಯಿಸಿ, ಒಣ ನೆಲದ ಮೇಲೆ ನೆಟ್ಟಗೆ ಹತ್ತು ಮಾರು ಓಡಿಸಿ ಇಳಿದು ನೋಡಿದೆ. ಒದ್ದೆ ಗೆರೆಗಳು ಎಷ್ಟು ಚೆನ್ನಾಗಿ ಚಾಡಿ ಹೇಳುತ್ತವೆ! ಎಡಗಡೆ ಹಿಂದಿನ ಟೈರಿನ ಗೆರೆ ಮುಂದಿನದ್ದಕ್ಕಿಂತ ಎರಡು ಬೆರಳು ಹೊರಗೆ. ಬಲಗಡೆ ಎರಡು ಬೆರಳು ಒಳಗೆ. ಮುಂದಿನ ಚಕ್ರಗಳ ನಡುವಿನ ಅಗಲವೇ ಬೇರೆ, ಹಿಂದಿನದ್ದೇ ಬೇರೆ ಆಗಿದ್ದರೂ ಎರಡು ಬದಿಗೂ ವ್ಯತ್ಯಾಸ ಒಂದೇ ರೀತಿ ಬರಬೇಕು. ಬರದಿದ್ದರೆ ಹಿಂಭಾಗ ಅಡ್ಡ ಹೋಗುತ್ತಿದೆ ಅಂತಲೇ ಅರ್ಥ.

ಟೇಪು ಹಿಡಿದು ಹಿಂದೆ ಮಲಗಿದೆ. ಪ್ಲೇಟಿನ ಮುಂದಿನ ಕಣ್ಣಿನ ಬೋಲ್ಟಿನಿಂದ ಆಕ್ಸಲಿನ ತನಕ, ಎರಡೂ ಬದಿ. ಎಡಗಡೆ 12 ಮಿ.ಮೀ. ಜಾಸ್ತಿ. ಆಕ್ಸಲಿನ ಎಡ ತುದಿ ಹಿಂದಕ್ಕೆ ಜಾರಿತ್ತು.

ಎರಡು ಬದಿಯ ಪ್ಲೇಟ್ ಸೆಟ್ಟುಗಳ ನಡುವೆ ಸುಮಾರು ಒಂದು ಮೀಟರ್. ಒಂದು ಮೀಟರಿಗೆ 12 ಮಿ.ಮೀ. ಅಂದರೆ ಮುಕ್ಕಾಲು ಡಿಗ್ರಿಗೂ ಸ್ವಲ್ಪ ಕಮ್ಮಿ. ಏನೂ ಅಲ್ಲ ಅನ್ನಿಸುತ್ತದೆ. ಆದರೆ ಮುಂದಿನ ಚಕ್ರದಿಂದ ಹಿಂದಿನದ್ದಕ್ಕೆ 2.8 ಮೀಟರ್ ಇದೆ, ಅಷ್ಟು ಉದ್ದಕ್ಕೆ ಅದು 34 ಮಿ.ಮೀ. ಆಗುತ್ತದೆ. ನೀರಿನ ಗೆರೆ ತೋರಿಸಿದ ಎರಡು ಬೆರಳು ಇದೇ. ಎಡ ತುದಿ ಹಿಂದೆ ಹೋದರೆ ಹಿಂದಿನ ಚಕ್ರಗಳ ಮುಖ ಎಡಕ್ಕೆ ತಿರುಗುತ್ತದೆ. ಅವು ಗಾಡಿಯ ಹಿಂಭಾಗವನ್ನು ಎಡಕ್ಕೆ ತಳ್ಳುತ್ತವೆ, ಮೂತಿ ಬಲಕ್ಕೆ ಹೋಗುತ್ತದೆ. ನೆಟ್ಟಗೆ ಹೋಗಬೇಕೆಂದರೆ ಮುಂದಿನ ಚಕ್ರವನ್ನೂ ಅಷ್ಟೇ ಎಡಕ್ಕೆ ತಿರುಗಿಸಿ ಹಿಡಿಯಬೇಕು. ಎರಡು ತಿಂಗಳಿಂದ ನಾನು ಮಾಡುತ್ತಿದ್ದದ್ದು ಅದನ್ನೇ.

ಹಿಂದಿನ ಕೆಲಸ

ಪ್ಲೇಟುಗಳನ್ನೆಲ್ಲ ಒಟ್ಟಿಗೆ ಹಿಡಿಯಲು ನಡುವೆ ಒಂದು ಬೋಲ್ಟ್ ಇರುತ್ತದೆ, ಸೆಂಟರ್ ಬೋಲ್ಟ್. ಅದರ ತಲೆ ಆಕ್ಸಲಿನ ಮೇಲಿರುವ ತೂತಿನಲ್ಲಿ ಕೂರುತ್ತದೆ. ಆಕ್ಸಲ್ ಹಿಂದೆ ಮುಂದೆ ಜಾರದ ಹಾಗೆ ತಡೆಯುವ ಗೂಟ ಅದು. ಒತ್ತಿ ಹಿಡಿಯುವ ಕೆಲಸ ಯು-ಬೋಲ್ಟುಗಳದ್ದು. ಯು-ಬೋಲ್ಟ್ ಸಡಿಲವಾದರೆ ಭಾರವೆಲ್ಲ ಆ ಸಣ್ಣ ತಲೆಯ ಮೇಲೆ ಬೀಳುತ್ತದೆ. ಘಟ್ಟ ಇಳಿಯುವಾಗ ಬ್ರೇಕ್ ಹಿಡಿದಷ್ಟು ಸಲವೂ ಚಕ್ರ ಆಕ್ಸಲನ್ನು ಹಿಂದಕ್ಕೆ ಜಗ್ಗುತ್ತದೆ. ಒಂದು ದಿನ ತಲೆ ತುಂಡಾಗುತ್ತದೆ. ಆಮೇಲೆ ಪ್ರತಿ ಘಟ್ಟಕ್ಕೂ ಸ್ವಲ್ಪ ಸ್ವಲ್ಪವೇ ಜಾರುತ್ತದೆ. ಅಲೈನ್‌ಮೆಂಟ್ ಮಾಡಿಸಿದ ಹದಿನೈದೇ ದಿನಕ್ಕೆ ಯಾಕೆ ಮತ್ತೆ ಸೊಟ್ಟ ಆಗುತ್ತಿತ್ತು ಅನ್ನುವುದಕ್ಕೆ ಉತ್ತರ ಅಲ್ಲಿತ್ತು.

ಯು-ಬೋಲ್ಟ್ ಸಡಿಲವಾಗಿದ್ದು ಹೇಗೆ ಅಂತ ಯಾರೂ ಕೇಳಬೇಡಿ. ಏಪ್ರಿಲ್‌ನಲ್ಲಿ ಕೊಟ್ಟಿಗೆ ಕಟ್ಟಲು ಹೊನ್ನಾವರ ಕಡೆಯಿಂದ ಚಿರೆಕಲ್ಲು ತಂದಿದ್ದೆ. ಒಂದೊಂದು ಟ್ರಿಪ್ಪಿಗೆ ಎಷ್ಟು ಹೇರಿದೆ ಅಂತ ಬರೆದರೆ ಆರ್‌ಟಿಓದವರು ಮನೆಗೆ ಬಂದಾರು.

ಈ ಕೆಲಸವನ್ನು ನಾನೊಬ್ಬನೇ ಮಾಡಲಿಲ್ಲ. ಲಾರಿ ಪ್ಲೇಟ್ ಕೆಲಸ ಮಾಡುವ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆದೆ. ಚಾಸಿಸ್ಸನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಆಕ್ಸಲಿಗೆ ಬೇರೆ ಜ್ಯಾಕ್ ಕೊಟ್ಟೆವು. ಯು-ಬೋಲ್ಟ್ ಬಿಚ್ಚಿ ಆಕ್ಸಲ್ ಸ್ವಲ್ಪ ಇಳಿಸಿದಾಗ ತುಂಡಾದ ತಲೆ ತೂತಿನಲ್ಲೇ ಕಡಲೆಕಾಳಿನ ಹಾಗೆ ಕೂತಿತ್ತು. ಮುರಿದ ಮುಖದಲ್ಲಿ ಅರ್ಧ ಭಾಗ ತುಕ್ಕು ಹಿಡಿದು ಕೆಂಪು, ಉಳಿದ ಅರ್ಧ ಹೊಳೆಯುತ್ತಿತ್ತು. ಬಿರುಕು ಬಿಟ್ಟು ಬಹಳ ದಿನ ಆದ ಮೇಲೆ ಪೂರ್ತಿ ಮುರಿದದ್ದು.

ಮೇಸ್ತ್ರಿ ಮೊದಲು ಮಾಡಿದ ಕೆಲಸ ಪ್ಲೇಟುಗಳಿಗೆ ಎರಡೂ ಬದಿ ದೊಡ್ಡ ಕ್ಲಾಂಪ್ ಹಾಕಿ ಬಿಗಿದದ್ದು. "ಇದು ಹಾಕದೆ ಬೋಲ್ಟ್ ತೆಗೆದ್ರೆ ಪ್ಲೇಟು ಹಾರಿ ಮುಖಕ್ಕೇ ಬರ್ತದೆ ಮಾರಾಯ್ರೇ. ನನ್ನ ಕೈಯಲ್ಲಿ ಕಲಿತವ ಒಬ್ಬನಿಗೆ ಹಲ್ಲು ಹೋಗಿದೆ" ಅಂದರು. ಮಗ ಎರಡು ಹೆಜ್ಜೆ ಹಿಂದೆ ಸರಿದ. ಹೊಸ ಸೆಂಟರ್ ಬೋಲ್ಟ್ ಹಾಕಿದೆವು. ಅಂಗಡಿಯ ಮಾಮೂಲಿ ಬೋಲ್ಟ್ ನಡೆಯುವುದಿಲ್ಲ, ಪ್ಲೇಟಿಗೆಂದೇ ಬರುವ ಗಟ್ಟಿ ಬೋಲ್ಟ್ ಬೇಕು. ತಲೆಯ ಅಳತೆ ಆಕ್ಸಲಿನ ತೂತಿಗೆ ಸರಿಯಾಗಿ ಕೂರಬೇಕು. ಎಡಗಡೆ ತೂತು ಸ್ವಲ್ಪ ಮೊಟ್ಟೆಯಾಕಾರಕ್ಕೆ ಹಿಗ್ಗಿತ್ತು. ಮೇಸ್ತ್ರಿ ಬೆರಳು ಆಡಿಸಿ, ನಡೆಯುತ್ತದೆ ಅಂದರು. ಬಲಗಡೆಯದ್ದು ಮುರಿಯದಿದ್ದರೂ ಬದಲಿಸಿದೆವು. ನಾಲ್ಕೂ ಯು-ಬೋಲ್ಟ್ ಹೊಸದು. ಒಮ್ಮೆ ಬಿಗಿದು ಹಿಗ್ಗಿದ ಯು-ಬೋಲ್ಟನ್ನು ಮತ್ತೆ ಬಿಗಿದರೆ ಹಿಡಿತ ನಿಲ್ಲುವುದಿಲ್ಲ. ಹಳೆಯದರ ಥ್ರೆಡ್ಡಿನಲ್ಲಿ ನಟ್ಟೇ ನೆಟ್ಟಗೆ ಓಡುತ್ತಿರಲಿಲ್ಲ. ನಟ್ಟುಗಳನ್ನು ಅಡ್ಡಡ್ಡ ಜೋಡಿಯಾಗಿ, ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ ಮೂರು ಸುತ್ತಿನಲ್ಲಿ ಬಿಗಿದರು.

ಮತ್ತೆ ಟೇಪು. ಎಡಕ್ಕೂ ಬಲಕ್ಕೂ 1 ಮಿ.ಮೀ. ವ್ಯತ್ಯಾಸ. ಅಷ್ಟು ನನ್ನ ಕಣ್ಣಿನ ತಪ್ಪೂ ಇರಬಹುದು. ಅಂಗಳಕ್ಕೆ ಮತ್ತೆ ನೀರು ಸುರಿದೆ. ಈ ಸಲ ಗೆರೆ ಎರಡೂ ಬದಿ ಸಮ. "ಅಂಗಳ ತೊಳೆಯೂದು ಮುಗತ್ತಾ ಇಲ್ಯಾ?" ಅಂತ ಒಳಗಿನಿಂದ ಕೂಗು ಬಂತು.

ಅಲೈನ್‌ಮೆಂಟಿಗೆ ಹೋಗುವ ಮುಂಚೆ ಒಂದು ಕೆಲಸ ಬಾಕಿ ಇತ್ತು. ಗಾಡಿಯ ಮುಂಭಾಗದ ಎತ್ತರ. ಟಾರ್ಷನ್ ಬಾರ್ ವರ್ಷ ಹೋದಂತೆ ಸ್ವಲ್ಪ ಸೋಲುತ್ತದೆ. ಎತ್ತರ ಇಳಿದರೆ ಕ್ಯಾಂಬರೂ ಬದಲಾಗುತ್ತದೆ, ಟೋವೂ ಬದಲಾಗುತ್ತದೆ. ಹಾಗಾಗಿ ಮೊದಲು ಎತ್ತರ, ಆಮೇಲೆ ಅಲೈನ್‌ಮೆಂಟ್. ಸಮ ನೆಲ ಹುಡುಕಲು ಗಾರೆಯವರ ಹಾಗೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಅಂಗಳದ ಮಟ್ಟ ನೋಡಿದೆ. ಅಡಿಕೆ ಅಂಗಳಕ್ಕೆ ನೀರು ಹರಿಯಲು ಇಳಿಜಾರು ಕೊಟ್ಟಿರುತ್ತಾರೆ, ತಗ್ಗಿನ ಬದಿಯ ಟೈರಿನ ಕೆಳಗೆ ಹಳೆಯ ಟೈಲ್ಸ್ ಕೊಟ್ಟು ಸರಿ ಮಾಡಿದೆ. ಎಡ ಮುಂದೆ 15 ಮಿ.ಮೀ. ತಗ್ಗಿತ್ತು. ಚಾಸಿಸ್ಸನ್ನು ಎತ್ತಿ ಭಾರ ತೆಗೆದು, ಟಾರ್ಷನ್ ಬಾರಿನ ಹಿಂದಿನ ತುದಿಯ ಬೋಲ್ಟ್ ತಿರುಗಿಸಿ ಸಮ ಮಾಡಿದೆ. ತೂಗುಗುಂಡು ಇಳಿಬಿಟ್ಟು ಕ್ಯಾಂಬರನ್ನೂ ಅಂದಾಜು ನೋಡಿದೆ. ರಿಮ್ಮಿನ ಮೇಲಂಚಿಗೂ ಕೆಳಂಚಿಗೂ 40 ಸೆಂ.ಮೀ. ಅಂತರ ಇದ್ದರೆ, ದಾರದಿಂದ ಅವುಗಳ ದೂರದಲ್ಲಿ 7 ಮಿ.ಮೀ. ವ್ಯತ್ಯಾಸ ಅಂದರೆ ಒಂದು ಡಿಗ್ರಿ. ಎರಡೂ ಬದಿ ಒಂದು ಡಿಗ್ರಿಗಿಂತ ಕಮ್ಮಿಯೇ ಇತ್ತು. ಕ್ಯಾಸ್ಟರ್ ಮಾತ್ರ ಮನೆಯಲ್ಲಿ ನೋಡುವ ಕೆಲಸವಲ್ಲ, ಚಕ್ರವನ್ನು ಎರಡೂ ಬದಿಗೆ ಲೆಕ್ಕದ ಡಿಗ್ರಿ ತಿರುಗಿಸಿ ಅಳೆಯಬೇಕು.

ಈ ಸಲ ನಾಲ್ಕೂ ಚಕ್ರಕ್ಕೆ ಕ್ಲಾಂಪ್ ಹಾಕುವ ಕಡೆ ಹೋದೆ. ಹೋದ ಕೂಡಲೇ ಎರಡು ಮಾತು ಹೇಳಿದೆ. ಮುಟ್ಟುವ ಮೊದಲಿನ ಪ್ರಿಂಟ್ ಒಂದು, ಮುಟ್ಟಿದ ಮೇಲಿನದು ಒಂದು ಬೇಕು. ಮತ್ತೆ, ಕಡ್ಡಿ ಸೊಟ್ಟ ಬಂದರೆ ಸ್ಟೀರಿಂಗನ್ನು ಬಿಚ್ಚಿ ತಿರುಗಿಸಿ ಹಾಕುವುದು ಬೇಡ, ಟೈ ರಾಡಿನಲ್ಲೇ ಸರಿ ಮಾಡಿ. ಬಿಚ್ಚಿ ಹಾಕಿದರೆ ನೋಡಲು ನೆಟ್ಟಗಿರುತ್ತದೆ, ಬಾಕ್ಸ್ ಮಾತ್ರ ತನ್ನ ನಡು ಜಾಗ ಬಿಟ್ಟು ಸಡಿಲ ಜಾಗದಲ್ಲಿ ಕೆಲಸ ಮಾಡುತ್ತದೆ. ಹುಡುಗ ನನ್ನನ್ನೇ ಒಂದು ಸಲ ನೋಡಿದ. ಆಮೇಲೆ ಸ್ಕ್ರೀನ್ ತಿರುಗಿಸಿ ತೋರಿಸಿದ. ಹಿಂದಿನ ಆಕ್ಸಲಿನ ಥ್ರಸ್ಟ್ ಆಂಗಲ್, ಅಂದರೆ ಹಿಂದಿನ ಚಕ್ರಗಳು ಗಾಡಿಯನ್ನು ತಳ್ಳುವ ದಿಕ್ಕಿನ ಓರೆ, ಹಸಿರು ಬಣ್ಣದಲ್ಲಿತ್ತು. ಮುಂದಿನ ಟೋ ನಾನು ದಾರ ಮೊಳೆಯಲ್ಲಿ ಮಾಡಿದ್ದಕ್ಕೂ ಮಿಷಿನ್ನಿಗೂ ಮಿಲಿಮೀಟರಿನಷ್ಟೇ ವ್ಯತ್ಯಾಸ. ಅದನ್ನು ಮಾತ್ರ ನಾನು ಊರಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಖರ್ಚಿನ ಲೆಕ್ಕದಲ್ಲಿ ಮುಂದಿನ ಸಾಮಾನಿಗೇ ದೊಡ್ಡ ಪಾಲು ಹೋಯಿತು. ಕಾಯಿಲೆಯ ಮೂಲವಾದ ಸೆಂಟರ್ ಬೋಲ್ಟಿನ ಬೆಲೆ ನೂರು ರೂಪಾಯಿಯೊಳಗೆ.

ಹೊಸ ಯು-ಬೋಲ್ಟನ್ನು ಸ್ವಲ್ಪ ಓಡಿಸಿದ ಮೇಲೆ ಮತ್ತೆ ಬಿಗಿಯಲೇಬೇಕು ಅಂತ ಮೇಸ್ತ್ರಿ ಮೂರು ಸಲ ಹೇಳಿದ್ದರು. 300 ಕಿಲೋಮೀಟರ್ ಆದ ಮೇಲೆ ಪಾನಾ ಹಾಕಿದೆ, ನಾಲ್ಕೂ ಕಾಲು ಸುತ್ತು ಬಿಗಿಯಾದವು. ಸಾವಿರ ಕಿಲೋಮೀಟರಿಗೆ ಮತ್ತೊಮ್ಮೆ ನೋಡಿದೆ, ಒಂದೂ ಅಲ್ಲಾಡಲಿಲ್ಲ. ದೇವಿಮನೆ ತಿರುವಿನಲ್ಲಿ ಸ್ಟೀರಿಂಗ್ ಈಗ ಬೆರಳ ಸಂದಿಯಲ್ಲಿ ಜಾರಿಕೊಂಡು ತಾನಾಗಿ ನೆಟ್ಟಗಾಗುತ್ತದೆ. ಮೊನ್ನೆ ಮೀನಿನವನು ಹಿಂದಿನಿಂದ ಬಂದು ಓವರ್‌ಟೇಕ್ ಮಾಡುವಾಗ ಹಾರ್ನ್ ಹೊಡೆದು ಹೆಬ್ಬೆರಳು ಎತ್ತಿ ತೋರಿಸಿದ.

ಸ್ಟೀರಿಂಗ್ ಬಾಕ್ಸಿನ ಕೆಳಗಿನ ಸೀಲಿನಲ್ಲಿ ಸಣ್ಣಗೆ ಎಣ್ಣೆ ಒಸರುತ್ತಿದೆ. ನಾನು ಆ ಸ್ಕ್ರೂ ಬಿಗಿದ ಮೇಲೆ ಶುರುವಾದದ್ದು ಅಂತ ನನಗೆ ಅನುಮಾನ. ಕೊನೆ ಕೊಯ್ಲು ಮುಗಿದ ಮೇಲೆ ಅದನ್ನು ಬಿಚ್ಚಬೇಕು.